ಅಮಾವಾಸ್ಯೆ ದಿನದ ಒಂಟಿ ಮಗ್ಗ

"ಇನ್ನೊಂದ್ ಕಿತ ಹಾಕು ತಾಯಿ," ಅಂದರು ದಾಸಪ್ಪ.

ಜೀವಿತಾ ಮೂರನೆಯ ಸಲ ಹಾಕಿದಳು. ಫೋನಿಗೆ ಜೋಡಿಸಿದ್ದ ಅಂಗೈಯಗಲದ ಸ್ಪೀಕರಿನಿಂದ ಮೊದಲು ಮಗ್ಗದ ಸದ್ದು ಬಂತು. ಟಕ್, ಟಕ್, ಟಕ್ಕಟ. ಅದರ ಬೆನ್ನಿಗೇ ಒಂದು ಹೆಣ್ಣು ಕೊರಳು.

*ಹಾಸು ನಂದಣ್ಣ, ಹೊಕ್ಕು ನಂದಣ್ಣ,*
*ಉಟ್ಕೊಂಡು ಓಗೋಳು ಯಾರಣ್ಣ...*

ದಾಸಪ್ಪ ಕಣ್ಣು ಮುಚ್ಚಿ ಕೂತಿದ್ದರು. ಮಗ್ಗದ ಸದ್ದಿನಿಂದಲೇ ಸುಳಿವು ಹೇಳಬಲ್ಲರೆಂದು ಜೀವಿತಾ ಹುಡುಕಿಕೊಂಡು ಬಂದಿದ್ದ, ಎಪ್ಪತ್ತರ ಹತ್ತಿರದ ನೇಕಾರ. ಐವತ್ತು ವರ್ಷಕ್ಕೂ ಮೇಲೆ ಮಗ್ಗ ತುಳಿದ ಕಾಲು ಈಗಲೂ ಸುಮ್ಮನಿರಲೊಲ್ಲದು. ಹೆಬ್ಬೆರಳು ತಾನಾಗಿಯೇ ನೆಲ ಒತ್ತುತ್ತಿತ್ತು. ಅವರ ಹಿಂದೆ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಹಳೆಯ ಮಗ್ಗ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದುಕೊಂಡು ಸುಮ್ಮನೆ ಕೂತಿತ್ತು.

ಅವತ್ತು ಆಡಿ ಅಮಾವಾಸ್ಯೆ, ಹಿರಿಯರಿಗೆ ಎಡೆಯಿಡುವ ದಿನ. ಸೇಲಂನ ಆ ಕನ್ನಡ ನೇಕಾರರ ಬೀದಿಯಲ್ಲಿ ಅಮಾವಾಸ್ಯೆಯ ದಿನ ಯಾರೂ ಮಗ್ಗ ಮುಟ್ಟುವುದಿಲ್ಲ. ಮಾಳಿಗೆಯ ಮೇಲೆ ಎಡೆಯಿಟ್ಟು ಕಾಗೆಗಳನ್ನು ಕರೆಯುವವರ ದನಿ ಬಿಟ್ಟರೆ ಹೊರಗೆ ಬೇರೆ ಸದ್ದಿರಲಿಲ್ಲ. ಒಳಮನೆಯಲ್ಲಿ ಮಾತ್ರ ಯಾರೋ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು.

ಈ ಹಾಡಿನ ಮೂಲ ಕ್ಯಾಸೆಟ್ಟು ತಾರಮಂಗಲದ ಒಂದು ಪೆಟ್ಟಿಗೆಯಿಂದ ಮಾಯವಾಗಿ ಆರು ದಿನವಾಗಿತ್ತು, ಅದನ್ನು ಹಾಡಿದವಳು ತೀರಿಹೋದ ನನ್ನ ತಾಯಿ ಚೆಲ್ಲಮ್ಮನೇ ಎಂದು ಸಹಿ ಹಾಕಿಕೊಟ್ಟ ಶರವಣಕುಮಾರ್ ಮಾತ್ರ ಆ ಊರಿನಲ್ಲಿ ತನ್ನ ಮಾತಿಗೆ ಬಂಡೆಯ ಹಾಗೆ ಅಂಟಿ ಕೂತಿದ್ದ.

"ದೊಡ್ಡಪ್ಪ, ಏನಾರ ಗೊತ್ತಾಯ್ತಾ?" ಜೀವಿತಾ ಕೇಳಿದಳು. ಕೇಳುತ್ತಲೇ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ಹತ್ತು.

ಬೆಳಗಿನಿಂದ ಅವಳು ಗಡಿಯಾರ ನೋಡಿದ್ದು ಇದು ನೂರನೆಯ ಸಲವಿರಬೇಕು. ಸಾಯಂಕಾಲ ಐದಕ್ಕೆ, ಈ ಹಾಡಿರುವ ವೆಬ್ ಸರಣಿಯ ಆರನೆಯ ಕಂತು ಚೆನ್ನೈನಿಂದ ಪ್ರಸಾರಕ್ಕೆ ಹೊರಡಲಿತ್ತು. ಹಾಡಿದವರು ಯಾರು ಎಂಬ ಸಾಲಿನಲ್ಲಿ ಅವಳು ಯಾವ ಹೆಸರು ಬರೆದು ಕಳಿಸುತ್ತಾಳೋ ಅದೇ ಹೆಸರು ಊರೂರಿಗೆ ಹೋಗುತ್ತದೆ. ಆಮೇಲೆ ತಿದ್ದುವವರಿಲ್ಲ.

ಜೀವಿತಾಳ ಕೆಲಸ ಏನು ಅಂತ ನಲ್ಲಂಪಳ್ಳಿ ಹತ್ತಿರದ ಅವಳ ಊರಿನಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ತಿಳಿಯದು. ಹಾಡು ಕಟ್ಟುವವಳಲ್ಲ, ಹಾಡುವವಳೂ ಅಲ್ಲ. ಸಿನಿಮಾದ ಟೀ ಅಂಗಡಿಯ ರೇಡಿಯೋದಲ್ಲಿ ಯಾವ ಹಾಡು ಬರಬೇಕು, ಆ ಹಾಡು ಯಾರ ಸ್ವತ್ತು, ಯಾರ ಸಹಿ ಬೇಕು, ಇದನ್ನೆಲ್ಲ ಹುಡುಕಿ ಹೊಂದಿಸುವವಳು. "ಕಳೆದೋದ ದನ ಉಡುಕ್ದಂಗೆ ಹಾಡು ಉಡುಕ್ತಾಳೆ ನಮ್ ಹುಡುಗಿ," ಅಂತ ಅವಳ ತಾಯಿ ನೆಂಟರಿಗೆ ಹೇಳಿಕೊಳ್ಳುತ್ತಿದ್ದಳು. ಅದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದಿಲ್ಲ.

ಈ ಹಾಡು ಅಂಟಿಕೊಂಡದ್ದೇ ಒಂದು ತಮಾಷೆ. ಎಡಿಟಿಂಗ್ ಮಾಡುವವರು ದೃಶ್ಯಕ್ಕೆ ಸದ್ಯಕ್ಕಿರಲಿ ಅಂತ ಯಾವುದೋ ಹಳೆಯ ಹಾಡನ್ನು ಅಂಟಿಸಿರುತ್ತಾರೆ. ಸಂಗೀತ ನಿರ್ದೇಶಕರು ಹೊಸದು ಮಾಡಿಕೊಟ್ಟ ಮೇಲೆ ಅದನ್ನು ಕಿತ್ತು ಬಿಸಾಡಬೇಕು. ಅಷ್ಟರೊಳಗೆ ನಿರ್ದೇಶಕರು ಅದಕ್ಕೇ ಮನಸೋತಿರುತ್ತಾರೆ. ಎರವಲು ತಂದ ಪಾತ್ರೆಯಲ್ಲಿ ಉಂಡರೇ ರುಚಿ ಎನ್ನುವ ಜಾತಿ. ಮನೆ ಬಿಟ್ಟು ಹೋಗುವ ಹೆಣ್ಣೊಬ್ಬಳ ಒಂದು ಮುಕ್ಕಾಲು ನಿಮಿಷದ ದೃಶ್ಯ ಅದು. ಆ ಮಗ್ಗದ ಹೊಡೆತಕ್ಕೆ ಸರಿಯಾಗಿ ಹೆಜ್ಜೆ ಬೀಳುವಂತೆ ಅದನ್ನು ಕತ್ತರಿಸಿಯಾಗಿತ್ತು. ಈಗ ಹಾಡು ತೆಗೆದರೆ ದೃಶ್ಯವೇ ಕುಂಟುತ್ತದೆ.

"ಗೊತ್ತಾಗದೇನೈತೆ," ಅಂದರು ದಾಸಪ್ಪ, ಕಣ್ಣು ಬಿಡದೆ. "ನೆಲದ ಮಗ್ಗ. ಬಲಗಾಲಲ್ಲಿ ತುಳಿಯೋ ಹಲಗೆ ಸಡ್ಲ ಐತೆ, ಅದ್ಕೇ ಮೂರ್ನೇ ಏಟು ಕುಂಟ್ತೈತೆ. ಇನ್ನೊಂದು ಏನಪ್ಪಾ ಅಂದ್ರೆ, ಒಂದೇ ಮಗ್ಗ ಐತೆ."

"ಒಂದೇ ಅಂದ್ರೆ?"

"ಲೇ ತಾಯಿ, ಆ ಕಾಲದಲ್ಲಿ ಈ ಬೀದೀಲಿ ನೂರಿಪ್ಪತ್ತು ಮಗ್ಗ. ವಿಡಿಗಾಲೆ ಐದಕ್ಕೆ, ಕೋಳಿ ಕೂಗೋ ಹೊತ್ಗೆ ಸುರು ಆದ್ರೆ ಎಂಡ್ತೀನ ಬಯ್ಯೋಕೂ ಕಿರುಚಬೇಕಾಗಿತ್ತು. ಯಾವ ನೇಕಾರ್ರ ಬೀದಿ ಆದ್ರೂ ಅಂಗೇ. ಇದ್ರಲ್ಲಿ ಪಕ್ಕದ ಮನೆ ಮಗ್ಗನೇ ಕೇಳಲ್ವಲ್ಲ!"

ಜೀವಿತಾ ನೆಟ್ಟಗೆ ಕೂತಳು. ಮೂರು ತಿಂಗಳಿಂದ ಕೇಳುತ್ತಿದ್ದಾಳೆ. ಸ್ಟುಡಿಯೋದ ಸೌಂಡ್ ಇಂಜಿನಿಯರು "ಎಷ್ಟು ಸ್ವಚ್ಛವಾಗಿದೆ ನೋಡಿ, ಹಿಂದೆ ಒಂದು ಗಲಾಟೆ ಇಲ್ಲ" ಅಂತ ಹೊಗಳಿದಾಗಲೂ ತಲೆಯಾಡಿಸಿದ್ದಳು. ಸ್ವಚ್ಛ ಯಾಕಿದೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಬೀದಿ ಎಲ್ಲ ಸುಮ್ನೆ ಇದ್ದಾಗ ಒಂದೇ ಮಗ್ಗ," ಅವಳು ನಿಧಾನವಾಗಿ ಅಂದಳು. "ಅಂಗಂದ್ರೆ ಇವತ್ತಿನಂಥ ದಿನ. ಅಮಾವಾಸ್ಯೆ."

ದಾಸಪ್ಪ ಕಣ್ಣು ಬಿಟ್ಟರು. ಕಸುಬಿನ ಜಂಭದಲ್ಲಿ ನಾಲಿಗೆ ಮುಂದೆ ಓಡಿ, ಯೋಚನೆ ಹಿಂದೆ ಉಳಿದವರ ಮುಖ ಅದು.

"ಅಮಾಸೆ ದಿನ ಯಾವ ಮನೇಲೂ ಮಗ್ಗ ತುಳಿಯಲ್ಲ," ಅಂದರು ಗಟ್ಟಿಯಾಗಿ. "ಅದೆಲ್ಲ ಆಗದ ಮಾತು. ಗಂಗೂ... ಕಾಪಿ ತತ್ತಾ ಹುಡುಗೀಗೆ."

ಆ ಹೆಸರನ್ನು ಅವರು ಕರೆಯುವ ರೀತಿಯೇ ಒಂದು ಚಂದ. ಗಂಗೂ ಅಂತ ಮೇಲಕ್ಕೆ ಎಳೆದು, ತುದಿಯಲ್ಲಿ ಸಣ್ಣಗೆ ಮುರಿಯುತ್ತಿದ್ದರು.

ಆಗಲೇ ಜೀವಿತಾಳಿಗೆ ಅರಿವಾದದ್ದು, ಮೊರದ ಸದ್ದು ನಿಂತು ಬಹಳ ಹೊತ್ತಾಗಿದೆ ಎಂದು. ಹಾಡು ಮೊದಲ ಸಲ ಶುರುವಾದಾಗಲೇ ನಿಂತಿತ್ತೇ? ನೆನಪಾಗಲಿಲ್ಲ.

ಒಳಗಿನಿಂದ ಬಂದ ಹೆಂಗಸಿಗೆ ಅರವತ್ತರ ಸುಮಾರು. ಎತ್ತರದ ಮೈಕಟ್ಟು, ತಲೆತುಂಬ ಬಿಳಿಕೂದಲು. ಕಾಫಿ ಲೋಟವನ್ನು ಜೀವಿತಾಳ ಮುಂದೆ ಇಟ್ಟು, ಸ್ಪೀಕರನ್ನೇ ನೋಡುತ್ತ ನಿಂತಳು.

"ಚೆನ್ನಾಗಿದ್ದೀರಾ ಅತ್ತೆ?" ಅಂದಳು ಜೀವಿತಾ.

ಅವಳು ಬಾಗಿ ಸ್ಪೀಕರನ್ನು ಬೆರಳ ತುದಿಯಿಂದ ಮುಟ್ಟಿದಳು.

"ಅವ್ಳು ಮಾತು ಕಮ್ಮಿ," ಅಂದರು ದಾಸಪ್ಪ, ಸ್ಪೀಕರಿನ ಮೇಲೆ ಟವಲು ಮುಚ್ಚುವವರ ಹಾಗೆ ಕೈ ಅಡ್ಡ ಹಿಡಿದು. "ಓಗು ಗಂಗೂ, ಅಕ್ಕಿ ನೋಡು. ನೀನು ತಾರಮಂಗಲಕ್ಕೆ ಓಗ್ಬೇಕು ಅಂದ್ಯಲ್ಲ ತಾಯಿ? ಹೊತ್ತಾಗ್ತೈತೆ. ಆ ಪಯ್ಯನ್ನೇ ಕೇಳು, ಯಾವ ಮಗ್ಗ ಅಂತ."

ಐವತ್ತು ದಾಟಿದ ಶರವಣಕುಮಾರ್ ಈ ಮುದುಕರ ಬಾಯಲ್ಲಿ ಇನ್ನೂ ಪಯ್ಯ, ಹುಡುಗ! ಜೀವಿತಾ ನಕ್ಕು ಎದ್ದಳು. ನಗು ಕಾರಿನವರೆಗೂ ಉಳಿಯಲಿಲ್ಲ.

ಸೇಲಂನ ಗಜಿಬಿಜಿ ದಾಟುವಷ್ಟರಲ್ಲಿ ಭೂಪತಿಯ ಫೋನು ಮೂರು ಸಲ ಬಂತು. ಭೂಪತಿ ಸರಣಿಯ ನಿರ್ಮಾಪಕ. ಒಳ್ಳೆಯವನೇ, ಆದರೆ ಕೊನೆಯ ದಿನ ಯಾರೂ ಒಳ್ಳೆಯವರಾಗಿ ಉಳಿಯುವುದಿಲ್ಲ.

"ಎನ್ನಮ್ಮಾ ಜೀವಿತಾ, ಸಹಿ ಇದೆ, ಕ್ಯಾಸೆಟ್ ಹೊದಿಕೆ ಮೇಲೆ ಚೆಲ್ಲಮ್ಮ ಅಂತ ಅಚ್ಚಾಗಿದೆ. ಇನ್ನೇನು ಬೇಕು? ಆ ಹೆಸರು ಹಾಕು, ಮುಗಿಸು."

"ಹಾಡಿದ್ದು ಅವರಲ್ಲ ಅನ್ಸುತ್ತೆ ಸರ್."

"ಅನ್ಸೋದು ಕಾಗದದ ಮೇಲೆ ನಿಲ್ಲಲ್ಲ. ಐದು ಗಂಟೆಗೆ ಬೇರೆ ಹೆಸರು, ಬೇರೆ ಸಹಿ ಇದ್ರೆ ಕಳ್ಸು. ಇಲ್ದಿದ್ರೆ ಚೆಲ್ಲಮ್ಮ."

ಜೀವಿತಾ ಫೋನಿಟ್ಟಳು.

ಹೆಸರಿನ ವಿಷಯದಲ್ಲಿ ಅವಳು ಒಮ್ಮೆ ಸುಟ್ಟುಕೊಂಡಿದ್ದಳು. ಅವಳ ಮೊದಲ ಸಿನಿಮಾಕ್ಕೆ ಹೊಗೆನಕಲ್ಲಿನ ಹರಿಗೋಲಿನವನೊಬ್ಬನ ಹಾಡು ತೆಗೆದುಕೊಂಡಿದ್ದಳು. ಅವನದೇ ಹಾಡು, ಅವನದೇ ದನಿ. ಅವಸರದಲ್ಲಿ ಹೆಸರಿನ ಜಾಗದಲ್ಲಿ "ಜನಪದ" ಅಂತ ಬರೆದು ಕೈತೊಳೆದುಕೊಂಡಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಅಕ್ಷರಶಃ ಹಾಗೆ. ಮೀನು ಕರಿಯುವ ಅಂಗಡಿಯ ಟೀವಿಯಲ್ಲಿ ಆ ಮುದುಕ ತನ್ನ ದನಿ ಕೇಳಿ, ಕೊನೆಯವರೆಗೂ ಕೂತು ಹೆಸರುಗಳನ್ನು ಓದಿಸಿಕೊಂಡು, ಅವಳಿಗೆ ಫೋನು ಮಾಡಿಸಿದ್ದ. "ಏನವ್ವಾ, ನಾನೇನು ಸತ್ತೋಗಿವ್ನಾ?" ಅಂದಿದ್ದ. ಬೈಗುಳವಲ್ಲ, ಬರೀ ಪ್ರಶ್ನೆ. ಅವಳು ತಿದ್ದಿಸಲು ಓಡಾಡುತ್ತಿದ್ದಾಗಲೇ ಅವನು ನಿಜವಾಗಿಯೂ ಸತ್ತುಹೋದ.

ಆ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿಸಿಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

ರಸ್ತೆ ಪಕ್ಕದಲ್ಲಿ ಕಾರು ನಿಲ್ಲಿಸಿ ಕ್ಯಾಸೆಟ್ ಹೊದಿಕೆಯ ಫೋಟೋ ತೆರೆದಳು. ಹಿಂಬದಿಯಲ್ಲಿ ಶರವಣಕುಮಾರನ ತಂದೆ ಶಿವರಾಮನ್ ಪೆನ್ನಿನಲ್ಲಿ ಬರೆದ ತಾರೀಖು: 1.8.89. ಶಿವರಾಮನ್ ಆ ಕಾಲದಲ್ಲಿ ತಾರಮಂಗಲದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟುಕೊಂಡು, ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿ ಹಾಡು ಹಿಡಿದವನು. ಫೋನಿನಲ್ಲಿ ಹಳೆಯ ಪಂಚಾಂಗ ಹುಡುಕಿದಳು. ಸಾವಿರದ ಒಂಬೈನೂರ ಎಂಬತ್ತೊಂಬತ್ತು, ಆಗಸ್ಟ್ ಒಂದು, ಮಂಗಳವಾರ.

ಆಡಿ ಅಮಾವಾಸ್ಯೆ.

ಅವಳು ಒಮ್ಮೆ ಜೋರಾಗಿ ಹಾರನ್ ಹೊಡೆದಳು. ರಸ್ತೆಯಲ್ಲಿ ಯಾರೂ ಅಡ್ಡ ಇರಲಿಲ್ಲ.

ತಾರಮಂಗಲದ ಕೈಲಾಸನಾಥರ ಗುಡಿಯ ಮುಂದೆ ಅಮಾವಾಸ್ಯೆಯ ಜನ ನೆರೆದಿದ್ದರು. ಕಾರು ಆ ಜಂಗುಳಿಯಲ್ಲಿ ಸಿಕ್ಕಿ ಬಿದ್ದು ಹೊರಬರುವಷ್ಟರಲ್ಲಿ ಒಂದು ಗಂಟೆ. ಮನೆಗೆ ಹೋದರೆ ಶರವಣಕುಮಾರ್ ಕೋಯಿಲಿಗೆ ಹೋಗಿದ್ದಾನೆ ಎಂದರು. ಗುಡಿಯಲ್ಲಿ ಹುಡುಕಿದರೆ ಊಟಕ್ಕೆ ಹೋಗಿದ್ದಾನೆ ಎಂದರು. ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗಿ ತಿರುಗಿ, ಕೊನೆಗೆ ಅವನು ಸಿಕ್ಕಿದ್ದು ಮೂರೂವರೆಗೆ, ಊರಾಚೆಯ ಅವನ ಪವರ್‌ಲೂಮ್ ಷೆಡ್ಡಿನಲ್ಲಿ.

ಷೆಡ್ಡಿನೊಳಗೆ ಎಂಟು ಯಂತ್ರಗಳು ಒಟ್ಟಿಗೆ ಅರಚುತ್ತಿದ್ದವು. ಅಮಾವಾಸ್ಯೆ ಗಿಮಾವಾಸ್ಯೆ ಅವಕ್ಕಿಲ್ಲ.

"ವಾಂಗ ಮೇಡಂ!" ಶರವಣಕುಮಾರ್ ಕೂಗಿದ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಷರಟು, ಮುಖದಲ್ಲಿ ನಗು. "ಎಲ್ಲಾ ಓಕೆ ಆಯ್ತಾ? ಅಮ್ಮನ ಪೇರು ಯಾವಾಗ ಬರುತ್ತೆ?"

"ಒಂದೇ ಒಂದು ಡೌಟು ಸರ್. ಅಮ್ಮ ಹಾಡಿದಾಗ ನೀವು ಇದ್ರಾ?"

"ಆಮಾ! ನನಗೆ ಹದ್ನೈದು ವರ್ಷ. ನಮ್ಮ ಮನೆ ಮಗ್ಗದಲ್ಲೇ ಕುಂತು ಹಾಡಿದ್ರು. ಅಪ್ಪಾ ಪಕ್ಕದಲ್ಲಿ ಮೈಕ್ ಹಿಡ್ಕೊಂಡಿದ್ರು."

"ಬೀದೀಲಿ ಬೇರೆ ಮಗ್ಗ ಓಡ್ತಿದ್ವಾ?"

"ಓಡ್ದೆ? ಅರವತ್ತು ಎಪ್ಪತ್ತು ಮಗ್ಗ ಮೇಡಂ ನಮ್ಮ ಬೀದೀಲಿ. ಸತ್ತಂ ತಾಂಗಮುಡಿಯಾದು, ಆ ಸದ್ದು ತಡೆಯೋಕಾಗಲ್ಲ! ಅಷ್ಟು ಗಲಾಟೆ ನಡುವೆ ಅಮ್ಮನ ಕೊರಳು ಎದ್ದು ನಿಲ್ತಿತ್ತು."

ಜೀವಿತಾ ಸ್ಪೀಕರು ತೆಗೆದಳು. "ಒಂದೈದು ನಿಮಿಷ ನಿಮ್ಮ ಯಂತ್ರ ನಿಲ್ಲಿಸ್ತೀರಾ?"

ಅವನು ಉಬ್ಬಿಹೋದ. ಕೆಲಸದವರೂ ಅಮ್ಮನ ಹಾಡು ಕೇಳಲಿ ಅಂದುಕೊಂಡನೋ ಏನೋ, ಚಪ್ಪಾಳೆ ತಟ್ಟಿ ನಿಲ್ಲಿಸಲು ಹೇಳಿದ. ಒಂದೊಂದೇ ಯಂತ್ರ ನಿಂತಿತು. ಉಳಿದದ್ದು ಆರು, ನಾಲ್ಕು, ಎರಡು. ಮೂಲೆಯಲ್ಲಿ ಮಾದಮ್ಮ ಎಂಬ ಹಿರಿಯ ಹೆಂಗಸಿನದು ಮಾತ್ರ, ಕಿವಿ ಮಂದವಾದ್ದರಿಂದ, ಒಂಟಿಯಾಗಿ ಬಡಿಯುತ್ತಲೇ ಇತ್ತು. ಒಂದು ಯಂತ್ರ ಉಳಿದಾಗ ಅದರ ಪ್ರತಿ ಹೊಡೆತದ ಸುತ್ತ ಎಷ್ಟು ಖಾಲಿ ಜಾಗವಿರುತ್ತದೆ ಅಂತ ಷೆಡ್ಡಿನಲ್ಲಿದ್ದವರಿಗೆಲ್ಲ ಕೇಳಿಸಿತು. ಯಾರೋ ಹೋಗಿ ಅವಳ ಭುಜ ಮುಟ್ಟಿದರು. ಅದೂ ನಿಂತಿತು.

ಜೀವಿತಾ ಹಾಡು ಹಾಕಿದಳು. ಟಕ್, ಟಕ್, ಟಕ್ಕಟ.

"ಎಣಿಸಿ ಸರ್," ಅಂದಳು. "ಎಷ್ಟು ಮಗ್ಗ?"

ಶರವಣಕುಮಾರನ ನಗು ನಿಂತಲ್ಲೇ ನಿಂತಿತು.

"ನಿಮ್ಮ ಬೀದಿಯ ಅರವತ್ತು ಮಗ್ಗ ಎಲ್ಲಿ?"

"ಅದು... ಅಪ್ಪಾ ಏನಾದ್ರೂ ಮಾಡಿ ಶಬ್ದ ತೆಗ್ದಿರ್ಬೇಕು. ಟೆಕ್ನಿಕ್..."

"ಎಂಬತ್ತೊಂಬತ್ತರ ಟೇಪ್ ರೆಕಾರ್ಡರ್‌ನಲ್ಲಾ?" ಜೀವಿತಾಳಿಗೆ ಸಿಟ್ಟಿಗಿಂತ ಆಯಾಸ ಹೆಚ್ಚಾಗಿತ್ತು. "ನಿಮ್ಮಪ್ಪನ ಕೈಬರಹದಲ್ಲೇ ತಾರೀಖು ಐತೆ. ಆಡಿ ಅಮಾವಾಸ್ಯೆ. ಬೀದಿ ಪೂರ್ತಿ ಸುಮ್ನಿರೋ ದಿನ ನೋಡ್ಕೊಂಡೇ ಅವರು ರೆಕಾರ್ಡ್ ಮಾಡೋಕೆ ಓಗಿದ್ದು. ಮತ್ತೆ ನಿಮ್ಮನೇಲಿ ಮಗ್ಗ ಎಂಗೆ ಓಡ್ತು?"

"ಅಮಾವಾಸೆ ಆದ್ರೇನು? ಇವತ್ತೂ ನಮ್ದು ಓಡ್ತಿಲ್ವಾ?" ಅವನು ಯಂತ್ರಗಳ ಕಡೆ ಕೈ ಬೀಸಿದ.

ಮೂಲೆಯಿಂದ ಮಾದಮ್ಮ ಕಿಸಕ್ಕೆಂದಳು. ಬೇಕಾದ ಮಾತು ಮಾತ್ರ ಅವಳ ಕಿವಿಗೆ ಬೀಳುತ್ತಿತ್ತೆಂದು ಕಾಣುತ್ತದೆ.

"ಇದು ಕರೆಂಟಿಂದು ಸಾಮಿ, ಇದ್ಕೇನು ಅಮಾಸೆ! ನಿಮ್ಮನೇ ಮಗ್ಗನಾ ಅಮಾಸೆ ದಿನ ತುಳಿದಿದ್ರೆ ನಿಮ್ಮಜ್ಜಿ ಕಾಲು ಮುರೀತಿದ್ಲು. ಮರ್ತೋಯ್ತಾ?"

ಮಿಕ್ಕವರು ತಲೆ ತಗ್ಗಿಸಿ ನಕ್ಕರು. ಹತ್ತಿಪ್ಪತ್ತು ವರ್ಷ ಕರೆಂಟಿನ ಮಗ್ಗ ಓಡಿಸಿದವನಿಗೆ ಹುಟ್ಟಿದ ಮನೆಯ ಕಟ್ಟಳೆಯೇ ಮರೆತುಹೋಗಿತ್ತು.

"ನಾನೇನು ಕ್ಯಾಸೆಟ್ ಕದ್ದೆ ಅಂತೀರಾ?" ಶರವಣಕುಮಾರ್ ಸಿಡಿದ.

ಜೀವಿತಾ ಕ್ಯಾಸೆಟ್ಟಿನ ಮಾತೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಇವನು ಹೆಗಲು ಮುಟ್ಟಿಕೊಂಡಿದ್ದ.

"ಹೊರಗೆ ಮಾತಾಡೋಣ ಸರ್," ಅಂದಳು ಮೆಲ್ಲಗೆ.

ಷೆಡ್ಡಿನ ಹಿಂದೆ ಬೇವಿನ ಮರದ ಕೆಳಗೆ ಅವನು ಕುತ್ತಿಗೆಯ ಬೆವರು ಒರೆಸಿಕೊಂಡ. ಆಮೇಲೆ ಮಾತು ಬಂದಾಗ ತಮಿಳು ಹಿಂದೆ ಸರಿದು, ಮನೆಯ ಕನ್ನಡ ಮುಂದೆ ಬಂದಿತ್ತು.

"ನಮ್ಮಮ್ಮಂಗೆ ಹಾಡೋಕೆ ಬರ್ತಿರ್ಲಿಲ್ಲ. ಜೋಗುಳ ಹಾಡಿದ್ರೂ ಮಗು ಎದ್ದು ಕುಂತ್ಕೊಳ್ತಿತ್ತು."

ಅವನು ಬೇವಿನ ಬುಡಕ್ಕೆ ಬೆನ್ನು ಕೊಟ್ಟ.

"ಅಪ್ಪ ಅವತ್ತು ಸೇಲಂಗೆ ಓಗಿದ್ದ. ಯಾವ್ದೋ ಬೀದೀಲಿ ಒಂದು ಹುಡುಗಿ ಮಗ್ಗದ ಹಾಡು ಚೆನ್ನಾಗಿ ಹಾಡ್ತಾಳೆ ಅಂತ ಕೇಳಿದ್ನಂತೆ. ಬೇರೆ ದಿನ ಓದ್ರೆ ನೂರು ಮಗ್ಗದ ಸದ್ದು, ಅದ್ಕೇ ಅಮಾಸೆ ದಿನ ಓದ. ಆದ್ರೆ ಆ ಹುಡುಗಿಗೆ ಸುಮ್ನೆ ಕುಂತು ಹಾಡೋಕೆ ಬರ್ಲಿಲ್ಲ. ಕಾಲು ತುಳೀದೆ ಇದ್ರೆ ಪದ ಬಾಯಿಗೇ ಬರಲ್ಲ ಅಂದ್ಲಂತೆ."

"ತುಳಿದಳಾ?"

"ತುಳಿದ್ಲು. ಅಪ್ಪನೇ ಒತ್ತಾಯ ಮಾಡ್ದ. ಅರ್ಧ ಗಂಟೆ ಆಗಿರ್ಲಿಲ್ಲ, ಏನೋ ರಂಪ ಆಗೋಯ್ತು. ಅಪ್ಪ ಟೇಪು ಎತ್ಕೊಂಡು ಓಡ್ಬಂದ. ಎರಡು ದಿನ ಊಟ ಮಾಡ್ಲಿಲ್ಲ. ಆ ಹುಡುಗಿ ಪೇರು ಹಾಕಿದ್ರೆ ಬೀದೀಲಿ ಇನ್ನೇನು ಮಾಡ್ತಾರೋ ಅಂತ ಎದ್ರಿ ಅಮ್ಮನ ಪೇರು ಹಾಕ್ದ. ಆ ಹುಡುಗಿ ಯಾರು ಅಂತ ಸಾಯೋವರ್ಗೂ ನಮಗೂ ಹೇಳ್ಲಿಲ್ಲ."

"ನಿಮಗೆ ಇಷ್ಟೆಲ್ಲ ಗೊತ್ತಿದ್ದೂ ಸಹಿ ಹಾಕಿದ್ರಿ."

ಅವನು ಕಣ್ಣೊರೆಸಿಕೊಂಡ. "ಅಮ್ಮಂಗೆ ಓದು ಬರ್ತಿರ್ಲಿಲ್ಲ ಮೇಡಂ. ಅವಳ ಪೇರು ಅಚ್ಚಾಗಿದ್ದು ಅದೊಂದೇ ಕಡೆ. ದಿನಾ ಕ್ಯಾಸೆಟ್ ಡಬ್ಬ ತಗೊಂಡು ಆ ಅಕ್ಷರದ ಮೇಲೆ ಬೆರಳು ಆಡಿಸ್ತಿದ್ಲು. ಮೂವತ್ತಾರು ವರ್ಷ ಅದು ಅವಳದೇ ಆಗಿತ್ತು. ಈಗ ನಾನು ಕಿತ್ಕೊಳ್ಲಾ?"

ಜೀವಿತಾಳಿಗೆ ಅವನ ಮೇಲೆ ಕನಿಕರ ಹುಟ್ಟಿತು. ಕನಿಕರಕ್ಕೆ ಸಮಯವಿರಲಿಲ್ಲ. ನಾಲ್ಕು ಗಂಟೆಯಾಗುತ್ತ ಬಂದಿತ್ತು.

"ಇನ್ನೊಬ್ಬ ಹೆಂಗಸು ತನ್ನ ಹೆಸರು ಎಲ್ಲೂ ಇಲ್ಲದೆ ಮೂವತ್ತಾರು ವರ್ಷ ಇದ್ದಾಳಲ್ಲ ಸರ್," ಅಂದಳು. "ಕ್ಯಾಸೆಟ್ ಕೊಡಿ."

ಅವನು ಸ್ಕೂಟರಿನ ಸೀಟು ಎತ್ತಿ, ಹಳದಿ ಮಂಜಪೈ ಚೀಲದೊಳಗಿಂದ ಕ್ಯಾಸೆಟ್ಟು ತೆಗೆದುಕೊಟ್ಟ.

"ನೀವು ಕೇಳಿರೋ ಕಾಪಿಯಲ್ಲಿ ಕೊನೇದು ಇಲ್ಲ. ಅಪ್ಪ ಅದನ್ನ ಬಿಟ್ಟು ಉಳಿದಿದ್ದು ಮಾತ್ರ ಇಳಿಸಿದ್ದ. ಇದ್ರಲ್ಲಿ ಐತೆ. ಅದನ್ನ ಯಾರೂ ಕೇಳ್ಬಾರ್ದು ಅಂತಾನೇ ಬಚ್ಚಿಟ್ಟಿದ್ದೆ."

ಕೆಲಸಕ್ಕೆಂದು ಅವಳು ಹಳೆಯ ಕ್ಯಾಸೆಟ್ ಪ್ಲೇಯರೊಂದನ್ನು ಕಾರಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಗಾಜು ಏರಿಸಿ, ಹೆಡ್‌ಫೋನು ಕಿವಿಗೆ ಹಾಕಿ, ಟೇಪನ್ನು ಕೊನೆಯ ಕಡೆಗೆ ಓಡಿಸಿದಳು.

ಮಗ್ಗ. ಕೊರಳು. ಅವಳಿಗೆ ಬಾಯಿಪಾಠವಾಗಿದ್ದ ಮೂರು ಸಾಲು. ಕಾಪಿ ಮುಗಿಯುತ್ತಿದ್ದ ಜಾಗ ದಾಟಿತು. ಟಕ್, ಟಕ್, ಟಕ್ಕಟ. ಹಾಡುವವಳು ಮುಂದಿನ ಸಾಲಿಗೆ ಉಸಿರೆಳೆದುಕೊಂಡಳು.

ಬಾಗಿಲು ದಡಾರನೆ ತೆರೆಯಿತು.

"ಗಂಗೂ..."

ಜೀವಿತಾ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಗಂಗೂ, ನಿಲ್ಸೇ! ಅಮಾಸೆ ದಿನ ಮಗ್ಗ ತುಳೀತಿದ್ದೀಯಾ? ಬೀದಿ ಬೀದಿನೇ ಬಾಗ್ಲಲ್ಲಿ ನಿಂತೈತೆ, ನಿಲ್ಸು!"

ಮಗ್ಗ ನಿಲ್ಲಲಿಲ್ಲ. "ಇದೊಂದ್ ಸಾಲು ಐತೆ ಅಣ್ಣಾ. ಇದೊಂದೇ ಸಾಲು..."

ಆಮೇಲೆ ಬಂದ ಸದ್ದನ್ನು ಅವಳು ಮೊದಲು ಗುರುತಿಸಲಿಲ್ಲ. ಏನೋ ಬಿಗಿದದ್ದು ಒಂದೇ ಏಟಿಗೆ ಹರಿದ ಸದ್ದು. ಮಗ್ಗಕ್ಕೆ ಎಳೆದು ಕಟ್ಟಿದ ಸಾವಿರಾರು ಎಳೆ ಒಟ್ಟಿಗೆ ತುಂಡಾದರೆ ಹೀಗೇ ಕೇಳಬೇಕು. ಮಗ್ಗ ನಿಂತಿತು. ಒಂದು ಹೆಣ್ಣು ಅಳುವುದಕ್ಕೂ ಆಗದೆ ಬಾಯಿಬಿಟ್ಟಂತೆ ಉಸಿರು. ಟೇಪು ಅಲ್ಲಿಗೆ ಮುಗಿದಿತ್ತು.

ಅವಳು ಟೇಪು ಹಿಂದಕ್ಕೆ ತಿರುಗಿಸಿ ಆ ಕರೆಯನ್ನು ಮಾತ್ರ ಮತ್ತೆ ಕೇಳಿದಳು. ಗಂಗೂ ಅಂತ ಮೇಲಕ್ಕೆ ಎಳೆದು, ತುದಿಯಲ್ಲಿ ಸಣ್ಣಗೆ ಮುರಿಯುವುದು. ಮೂವತ್ತಾರು ವರ್ಷಕ್ಕೆ ಗಂಟಲು ಒರಟಾಗಬಹುದು, ಕರೆಯುವ ಚಾಳಿ ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಅದೇ ದನಿ ಅವಳಿಗೆ ಕಾಫಿ ತರಿಸಿತ್ತು.

ಇಡೀ ಸೇಲಂನಲ್ಲಿ ಅವಳು ದಾರಿ ಕೇಳಲು ಹೋಗಿದ್ದು ಹಾಸು ಕತ್ತರಿಸಿದವನ ಮನೆಗೇ. ಹಾಡಿನ ಒಡತಿ ಎದುರಿಗೇ ನಿಂತಿದ್ದಳು. ಅವಳ ದನಿಯನ್ನು ಅವಳದೇ ಮನೆಯಲ್ಲಿ, ಅವಳಿಗೊಂದು ಮಾತೂ ಹೇಳದೆ, ಮೂರು ಸಲ ಹಾಕಿ ಕೇಳಿಸಿ ಎದ್ದು ಬಂದಿದ್ದಳು ಜೀವಿತಾ. ತನ್ನ ಮೇಲೆ ತನಗೇ ಅಸಹ್ಯವಾಯಿತು ಅವಳಿಗೆ.

ದಾಸಪ್ಪನವರಿಗೆ ಫೋನು ಹಚ್ಚಿದಳು. ನಾಲ್ಕು ಹದಿನೈದು. ಎರಡನೆಯ ರಿಂಗಿಗೇ ಎತ್ತಿದರು. ಹಿಂದೆ ಜನರ ಗದ್ದಲ, ಯಾರೋ ತಮಿಳಿನಲ್ಲಿ ಬೈಯುತ್ತಿದ್ದರು.

ಗದ್ದಲದ ಅಡಿಯಲ್ಲಿ ಇನ್ನೊಂದು ಸದ್ದು. ಟಕ್, ಟಕ್, ಟಕ್ಕಟ.

"ದೊಡ್ಡಪ್ಪ, ಅದು... ಟೇಪಾ?"

"ಟೇಪಲ್ಲ ತಾಯಿ." ದಾಸಪ್ಪ ದನಿ ತಗ್ಗಿಸಿದರು. "ನೀನು ಓದ್ಮ್ಯಾಲೆ ಬಾಗ್ಲು ಅಗುಳಿ ಹಾಕ್ಕೊಂಡು ಮಗ್ಗಕ್ಕೆ ಇ‍ಳ್ದವ್ಳೆ. ಅವತ್ತಿಂದ ಮುಟ್ಟಿರ್ಲಿಲ್ಲ. ಮೂವತ್ತಾರು ವರ್ಷ ಆ ಗುಂಡಿಗೆ ಕಾಲಿಕ್ಕಿರ್ಲಿಲ್ಲ ತಾಯಿ, ಒಂದು ಪದ ಹಾಡಿರ್ಲಿಲ್ಲ."

"ಅತ್ತೆ ಹೆಸರು ಪೂರ್ತಿ ಹೇಳಿ ದೊಡ್ಡಪ್ಪ."

"ಗಂಗಲಕ್ಷ್ಮಮ್ಮ." ಆ ಹೆಸರು ಹೇಳುವುದಕ್ಕೇ ಅವರಿಗೆ ಕಷ್ಟವಾಯಿತು. "ನನ್ ತಂಗಿ. ಕತ್ತರಿಸಿದ್ದು ನಾನೇ. ಬೀದಿಗೆ ಎದ್ರಿಕೊಂಡು ಮಾಡ್ದೆ."

"ಈಗ ಏನಾಗ್ತಿದೆ ಅಲ್ಲಿ?"

"ಬೀದಿ ಸೇರೈತೆ. ಅಮಾಸೆ ಕೆಡಿಸಿದ್ಲು ಅಂತ ಕೆಲವ್ರು. ಒಳಗೆ ಏನು ಮಾಡ್ಕೊಂತಾಳೋ, ಬಾಗ್ಲು ಒಡೀಬೇಕು ಅಂತ ಕೆಲವ್ರು. ನಾನು ಬಾಗ್ಲಿಗೆ ಬೆನ್ನು ಕೊಟ್ಟು ಕುಂತಿವ್ನಿ. ನೀನು ಬಾ ತಾಯಿ. ನಾನು ಎಷ್ಟೊತ್ತು ತಡೀಲಿ?"

ಜೀವಿತಾ ಕಾರು ಶುರು ಮಾಡಿದಳು. ಸೇಲಂಗೆ ಎಷ್ಟು ಓಡಿಸಿದರೂ ಮುಕ್ಕಾಲು ಗಂಟೆ. ಫೋನಿನ ತೆರೆಯ ಮೇಲೆ ಭೂಪತಿಯ ಸಂದೇಶ ಬಂದು ಕೂತಿತು: ಚೆಲ್ಲಮ್ಮ, ಸರೀನಾ? ಬೇರೆ ಹೆಸರಿದ್ರೆ ಸಹಿ ಜೊತೆಗೆ ಕಳ್ಸು.

ಹೆಸರು ಈಗ ಅವಳ ಕೈಯಲ್ಲಿತ್ತು. ಸಹಿ ಹಾಕಬೇಕಾದವಳು ಅಗುಳಿ ಹಾಕಿದ ಬಾಗಿಲ ಹಿಂದಿದ್ದಳು. ಅವಳು ಹಾಕಿಯಾಳೆ, ತನ್ನ ಹಾಡನ್ನು ಲೋಕಕ್ಕೆ ಬಿಟ್ಟಾಳೆ, ಯಾರು ಬಲ್ಲರು?

"ಫೋನು ಬಾಗಿಲ ಹತ್ರ ಇಡಿ ದೊಡ್ಡಪ್ಪ. ಅತ್ತೆಗೆ ನನ್ನ ದನಿ ಕೇಳ್ಬೇಕು."

ಸರಕ್ಕೆಂದು ಏನೋ ಉಜ್ಜಿತು. ಮಗ್ಗದ ಸದ್ದು ಹತ್ತಿರವಾಯಿತು. "ಅತ್ತೆ," ಅಂದಳು ಜೀವಿತಾ.

ಅಷ್ಟರಲ್ಲಿ ಬಾಗಿಲ ಒಳಗಿನಿಂದ ಒಂದು ದನಿ ಎದ್ದಿತು. ವಯಸ್ಸಾದ, ಒಡೆದ, ತಪ್ಪಿಸಲಾಗದ ಅದೇ ದನಿ. ಮೂರು ಸಾಲು ಹಾಡಿತು. ಒಂದೊಂದಕ್ಕೂ ಮಗ್ಗ ಕುಂಟುತ್ತ ತಾಳ ಕೊಟ್ಟಿತು. ಹೊರಗಿನ ಗದ್ದಲ ಕೊಂಚ ಇಳಿಯಿತು.

ಅಂದು ಬಾಯಿಗೆ ಬಾರದೆ ಉಳಿದಿದ್ದ ನಾಲ್ಕನೆಯ ಸಾಲಿಗೆ ಗಂಗಲಕ್ಷ್ಮಮ್ಮ ಉಸಿರೆಳೆದುಕೊಂಡಳು.

ಆಗ ಹೊರಗೆ ಸೇರಿದ್ದ ಬೀದಿಯವರಿಂದ ಬಾಗಿಲಿಗೆ ಮೊದಲನೆಯ ಏಟು ಬಿತ್ತು.